ಗಣಕಚಿತ್ರಗಳ ಮೇಲ್ಮೈ ಛಾಯೆ: ಶ್ರೇಯಸ್ಸಿನ ಪ್ರಶ್ನೆ

ಗಣಕಯಂತ್ರದಿಂದ ಚಿತ್ರ ರಚಿಸುವ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಒಂದೊಂದು ವಿಧಾನಕ್ಕೂ ಒಬ್ಬೊಬ್ಬ ಪ್ರವರ್ತಕರ ಹೆಸರನ್ನಿಟ್ಟು ತೃಪ್ತರಾಗುವುದುಂಟು. ಈ ಕ್ರಮ ನೆನಪಿಗೆ ಅನುಕೂಲವೇ ಹೌದು, ಚರಿತ್ರೆಗೆ ಸಾಲದು.

ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಕಾರ್ಯವನ್ನು ನಿದರ್ಶನವಾಗಿ ನೋಡಬಹುದು. ವಕ್ರವಾದ ಮೇಲ್ಮೈಯನ್ನು ಸಣ್ಣ ಸಮತಲ ಬಹುಭುಜಗಳಾಗಿ ಒಡೆದು ಚಿತ್ರಿಸಿದಾಗ ಗೋಳವೂ ಸಾಣೆ ಹಿಡಿದ ಹರಳಿನಂತೆ ತೋರುತ್ತಿತ್ತು. 1971ರಲ್ಲಿ ಆನ್ರಿ ಗೂರೋ ಅವರು ಬಹುಭುಜದ ಮೂಲೆಗಳಲ್ಲಿ ಮಾತ್ರ ಬೆಳಕನ್ನು ಗಣಿಸಿ, ನಡುವಣ ಬಿಂದುಗಳಿಗೆ ಅದನ್ನು ಕ್ರಮವಾಗಿ ಹಂಚಿದರು. ಅಂಚುಗಳು ಬಹುಮಟ್ಟಿಗೆ ಅಡಗಿದವು. ಆದರೆ ಮೂಲೆಗಳ ನಡುವೆ ಬೀಳಬೇಕಾದ ಹೊಳಪು ಈ ಹಂಚಿಕೆಯಲ್ಲಿ ಲೋಪವಾಗುತ್ತದೆ. ಬುಯಿ ತುವಾಂಗ್ ಫಾಂಗ್ ಅವರು ತಮ್ಮ 1973ರ ಪ್ರಬಂಧದಲ್ಲಿ ಬೆಳಕಿಗೆ ಬದಲಾಗಿ ಮೇಲ್ಮೈಯ ಲಂಬದಿಕ್ಕನ್ನೇ ಹಂಚಿ, ಪ್ರತಿಯೊಂದು ಬಿಂದುವಿನಲ್ಲಿಯೂ ಬೆಳಕನ್ನು ಗಣಿಸಿದರು. ಅವರ ಹೊಳಪಿನ ಸೂತ್ರವಾದರೋ ಭೌತಶಾಸ್ತ್ರದಿಂದ ನಿಷ್ಪನ್ನವಾದುದಲ್ಲ, ಕಣ್ಣಿಗೆ ಒಪ್ಪುವಂತೆ ಹೊಂದಿಸಿದುದು. 1977ರಲ್ಲಿ ಜೇಮ್ಸ್ ಬ್ಲಿನ್ ಅವರು ಅದನ್ನು ಪರಿಷ್ಕರಿಸಿದರು. ಹೀಗೆ ಒಬ್ಬರ ಕೊರತೆಯೇ ಮತ್ತೊಬ್ಬರ ಆರಂಭವಾಯಿತು.

ಒಂದರ ಹಿಂದೆ ಮರೆಯಾದ ಮೇಲ್ಮೈಗಳನ್ನು, ಪ್ರತಿ ಬಿಂದುವಿನ ಆಳವನ್ನು ಹೋಲಿಸಿ ಕೈಬಿಡುವ ವಿಧಾನದ ವಿಷಯದಲ್ಲಿ ಈ ದೋಷ ಇನ್ನೂ ಸ್ಪಷ್ಟ. ಅದನ್ನು 1974ರಲ್ಲಿ ಯೂಟಾದ ಎಡ್ವಿನ್ ಕ್ಯಾಟ್ಮಲ್ ಅವರೂ ಬರ್ಲಿನ್ನಿನ ವೋಲ್ಫ್‌ಗಾಂಗ್ ಷ್ಟ್ರಾಸರ್ ಅವರೂ ತಮ್ಮ ತಮ್ಮ ಪ್ರಬಂಧಗಳಲ್ಲಿ ನಿರೂಪಿಸಿದ್ದಾರೆ. ಆದರೂ ಅನೇಕ ಕಡೆ ಮೊದಲನೆಯವರೊಬ್ಬರ ಹೆಸರೇ ಕಾಣುತ್ತದೆ.

ಇದರಿಂದ ಯಾರ ಪ್ರತಿಭೆಯೂ ಕಿರಿದಾಗದು. ಯಾರು ಮೊದಲಿಗರೆಂಬುದರ ಜೊತೆಗೆ, ಯಾವ ಕೊರತೆ ಯಾರನ್ನು ಯೋಚನೆಗೆ ಹಚ್ಚಿತೆಂಬುದನ್ನೂ ವಿಚಾರಿಸಿದಾಗಲೇ ನಾಮಾವಳಿಯು ಚರಿತ್ರೆಯಾಗುತ್ತದೆ.