ಚಿಕ್ಕ ಗಿಟಾರಿನ ಮೇಲೆ ದೊಡ್ಡ ಶ್ರುತಿಯ ಹೊರೆ

ನಮ್ಮ ಹೊರನಾಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಈಗ ಗಿಟಾರಿಗೂ ಒಂದು ಕುರ್ಚಿ ಮೀಸಲಾಗಿದೆ. ಭಾವಗೀತೆಗೆ ಗಿಟಾರು ಒಗ್ಗುವುದೇ ಇಲ್ಲವೇ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶ ನಮಗಿಲ್ಲ; ಅದನ್ನು ಹಿರಿಯರು ಸಾಕಷ್ಟು ಮಾಡಿದ್ದಾರೆ, ಮಾಡುತ್ತಲೂ ಇದ್ದಾರೆ. ನಮ್ಮ ತಕರಾರು ಗಿಟಾರಿನ ಮೇಲಲ್ಲ, ಮಕ್ಕಳಿಗೆಂದು, ಪ್ರಯಾಣಕ್ಕೆಂದು, ಒಂದೂವರೆ ಕೋಣೆಯ ಮನೆಗೆಂದು ಮಾರಾಟವಾಗುವ ಚಿಕ್ಕ ಗಿಟಾರಿನ ಮೇಲೆ. ಅದರ ಮೇಲೂ ಪೂರ್ತಿಯಾಗಿ ಅಲ್ಲ. ಅದರಿಂದ ನಾವು ಮಾಡಿಸಬಯಸುವ ಕೆಲಸದ ಮೇಲೆ.

ಮೊದಲು ಅಳತೆಯ ಗೊಂದಲವನ್ನು ಬಿಡಿಸಿಕೊಳ್ಳೋಣ. ಅಂಗಡಿಗಳಲ್ಲಿ 30 ಇಂಚು, 34 ಇಂಚು, 38 ಇಂಚು ಎಂದು ಹೇಳುವುದು ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಅದು ಪೆಟ್ಟಿಗೆಯನ್ನು ಅಟ್ಟದ ಮೇಲಿಡಬಹುದೇ ಎಂದು ತಿಳಿಯಲು ಉಪಯುಕ್ತ. ನುಡಿಸುವವನಿಗೆ ಅದರಿಂದ ಏನೂ ತಿಳಿಯದು. ನುಡಿಸುವವನಿಗೆ ಬೇಕಾದದ್ದು ಮೇಲಿನ ನಟ್‌ನಿಂದ ಕೆಳಗಿನ ಸ್ಯಾಡಲ್‌ವರೆಗೆ ತಂತಿ ಮಿಡಿಯುವ ಉದ್ದ, ಅಂದರೆ ‘ಸ್ಕೇಲ್’. ಉಕ್ಕಿನ ತಂತಿಯ ಪೂರ್ಣಾಕಾರದ ಗಿಟಾರಿನಲ್ಲಿ ಇದು ಸುಮಾರು 645 ಮಿಲಿಮೀಟರ್. ಯಮಹಾ ಜೆಆರ್1 ಎಂಬ ಪುಟ್ಟ ಮಾದರಿಯಲ್ಲಿ 540, ಟೇಲರ್ ಕಂಪನಿ 1996ರಲ್ಲಿ ತಂದ ‘ಬೇಬಿ ಟೇಲರ್’ನಲ್ಲಿ ಇಪ್ಪತ್ತೆರಡು ಮುಕ್ಕಾಲು ಇಂಚು, ಅಂದರೆ 578, ‘ಲಿಟ್ಲ್ ಮಾರ್ಟಿನ್’ನಲ್ಲಿ 23 ಇಂಚು, ಅಂದರೆ 584. ‘ಮುಕ್ಕಾಲು ಗಿಟಾರು’ ಎಂಬ ಮಾತೂ ಹೀಗೆಯೇ. ನೈಲಾನ್ ತಂತಿಯ ಮುಕ್ಕಾಲು ಗಿಟಾರಿನ ಸ್ಕೇಲು ಸಾಮಾನ್ಯವಾಗಿ 580ರ ಆಸುಪಾಸಿನದು; 650ರ ಮುಕ್ಕಾಲು ಎಷ್ಟೆಂದು ವಾಚಕರೇ ಲೆಕ್ಕ ಹಾಕಲಿ.

ಉದ್ದ ಕಡಿಮೆಯಾದರೆ ಆಗುವುದೇನು? ಬಿ.ಎಸ್‌ಸಿ.ಯಲ್ಲಿ ಕಲಿತದ್ದು ಕಡತಗಳ ನಡುವೆ ಬಹಳಷ್ಟು ಸವೆದುಹೋಗಿದ್ದರೂ ಸೋನೋಮೀಟರ್ ಪೆಟ್ಟಿಗೆಯ ನಿಯಮ ನಮಗೆ ಮರೆತಿಲ್ಲ. ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ 1636ರ ತನ್ನ ಗ್ರಂಥದಲ್ಲಿ ವಿವರಿಸಿದ ನಿಯಮವದು. ಅದೇ ತಂತಿಯಿಂದ ಅದೇ ಸ್ವರ ಬೇಕಾದರೆ, ಎಳೆತವು ಉದ್ದದ ವರ್ಗಕ್ಕೆ ಅನುಗುಣವಾಗಿ ಇಳಿಯಲೇಬೇಕು. 645ರಲ್ಲಿ 12 ನಂಬರಿನ ಮೊದಲನೆಯ ತಂತಿಯನ್ನು ಅದರ ಇ ಸ್ವರಕ್ಕೆ ಏರಿಸಿದರೆ ಸುಮಾರು ಹತ್ತೂವರೆ ಕಿಲೋ ಭಾರದಷ್ಟು ಬಿಗಿ ಇರುತ್ತದೆ. 540ರಲ್ಲಿ ಅದೇ ತಂತಿ, ಅದೇ ಸ್ವರ: ಏಳೂಕಾಲು ಕಿಲೋ ಚಿಲ್ಲರೆ. ಮೂವತ್ತು ಪಾಲು ಬಿಗಿ ಮಾಯ! ಹೊಸದಾಗಿ ಕಲಿಯುವವರ ಬೆರಳಿಗೆ ಇದು ಮೃದುವಾಗಿರುತ್ತದೆ, ಒಳ್ಳೆಯದೇ ಅಲ್ಲವೇ ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ಸಡಿಲ ತಂತಿ ಅಗಲವಾಗಿ ಓಲಾಡಿ ಫ್ರೆಟ್ಟಿಗೆ ತಾಗಿ ಜುಂಯ್‌ಗುಟ್ಟುತ್ತದೆ. ಬಲವಾಗಿ ಮೀಟಿದರೆ ಸ್ವರ ಮೊದಲು ಮೇಲೆ ಹಾರಿ ಆಮೇಲೆ ಕೆಳಗಿಳಿಯುತ್ತದೆ. ಇವೆರಡನ್ನೂ ಸಹಿಸಬಹುದು. ಸಹಿಸಲಾಗದ್ದು ಮೂರನೆಯದು.

ನಮ್ಮ ಕ್ವಾರ್ಟರ್ಸಿನ ಕೆಳಮನೆಯ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಇಂಥದೊಂದು ಗಿಟಾರನ್ನು ತಂದುಕೊಟ್ಟಿದ್ದರು. ಮೂರು ತಿಂಗಳ ಪಾಠವಾದ ಮೇಲೆ ಮೇಷ್ಟ್ರು ‘ಮಗುವಿಗೆ ಕಿವಿ ಸಾಲದು’ ಎಂದರಂತೆ. ಹುಡುಗಿಯನ್ನು ಕರೆದು ಕೇಳಿದೆವು. “ಅಂಕಲ್, ಬಿಟ್ಟು ಮೀಟಿದ್ರೆ ಸರಿಯಾಗಿರುತ್ತೆ, ಒತ್ತಿ ಮೀಟಿದ್ರೆ ಅಳುತ್ತೆ” ಎಂದಳು. ಮೊಬೈಲಿನ ಶ್ರುತಿ ನೋಡುವ ಆ್ಯಪ್ ತೆರೆದು ಪರೀಕ್ಷಿಸಿದರೆ ಅವಳ ಮಾತು ಅಕ್ಷರಶಃ ಸತ್ಯ. ತೆರೆದ ತಂತಿಗಳು ಆರೂ ಸರಿ. ಮೊದಲ ಮೂರು ಫ್ರೆಟ್ಟುಗಳಲ್ಲಿ ಒತ್ತಿದ ಒಂದೊಂದು ಸ್ವರವೂ ಒಂದೊಂದು ಪ್ರಮಾಣದಲ್ಲಿ ಮೇಲೆ. ಸಾಲದೇ ಹೋದದ್ದು ಯಾರ ಕಿವಿ? ಶ್ರುತಿ ತಪ್ಪಿದ್ದನ್ನು ಕೇಳಿಸಿಕೊಳ್ಳದ ಮಗು ಆ ವಾದ್ಯದಲ್ಲಿ ಸಂತೋಷವಾಗಿ ಮುಂದುವರಿಯುತ್ತದೆ, ಕೇಳಿಸಿಕೊಂಡ ಮಗು ಬಿಟ್ಟುಬಿಡುತ್ತದೆ. ಈ ಲೇಖನ ಬರೆಯಲು ಕುಳಿತದ್ದು ಆ ಕಾರಣಕ್ಕೆ.

ಒತ್ತಿದಾಗ ಸ್ವರ ಏರುವುದು ಏಕೆಂದರೆ, ಫ್ರೆಟ್ಟಿನ ಮೇಲೆ ಎತ್ತರದಲ್ಲಿರುವ ತಂತಿಯನ್ನು ಕೆಳಕ್ಕೆ ಬಗ್ಗಿಸಿದಾಗ ಅದು ಕೊಂಚ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಿಗಿ ಹೆಚ್ಚುತ್ತದೆ. ಎಲ್ಲ ಗಿಟಾರಿನಲ್ಲೂ ಇದು ಉಂಟು. ಸ್ಯಾಡಲನ್ನು ತುಸು ಹಿಂದೆ ಸರಿಸಿ, ಓರೆಯಾಗಿಟ್ಟು ತಯಾರಕರು ಇದನ್ನು ಸರಿದೂಗಿಸುತ್ತಾರೆ. ಆದರೆ ಚಿಕ್ಕ ಗಿಟಾರಿನಲ್ಲಿ ಪೆಟ್ಟು ಎರಡು ಕಡೆಯಿಂದ. ತಂತಿ ಗಿಡ್ಡವಾದ್ದರಿಂದ ಅದೇ ಎತ್ತರಕ್ಕೆ ಹಿಗ್ಗುವ ಪ್ರಮಾಣ ಹೆಚ್ಚು. ಮೊದಲೇ ಸಡಿಲವಾದ್ದರಿಂದ ಹಿಗ್ಗಿದ್ದರ ಪರಿಣಾಮವೂ ಹೆಚ್ಚು. ಎರಡನ್ನೂ ಗುಣಿಸಿದರೆ ದೋಷವು ಉದ್ದದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬೆಳೆಯುತ್ತದೆ. 645ರ ಬದಲು 540 ಎಂದಾಗ, ತಂತಿಯ ಎತ್ತರ ಒಂದೇ ಇದ್ದರೆ, ದೋಷ ಸರಿಸುಮಾರು ಇಮ್ಮಡಿ. ಉದ್ದ ಕಡಿಮೆಯಾದದ್ದು ನೂರಕ್ಕೆ ಹದಿನಾರು. ಅಪಶ್ರುತಿ ಹೆಚ್ಚಿದ್ದು ನೂರಕ್ಕೆ ನೂರು. ತುಟ್ಟಿಭತ್ಯೆ ಈ ದರದಲ್ಲಿ ಏರಿದ್ದರೆ ನಾವು ಈ ಲೇಖನವನ್ನು ಬೇರೆ ಊರಿನಿಂದ ಬರೆಯುತ್ತಿದ್ದೆವು.

ಇದಕ್ಕೆ ಸಾಮಾನ್ಯವಾಗಿ ಕೇಳಿಬರುವ ಪರಿಹಾರ, ದಪ್ಪ ತಂತಿ ಹಾಕಿ ಎಂಬುದು. ಇದನ್ನು ಸ್ವಲ್ಪ ವಿಚಾರಿಸಬೇಕು. ದಪ್ಪ ತಂತಿಯಿಂದ ಬಿಗಿ ಮರಳುತ್ತದೆ, ಜುಂಯ್‌ಕಾರ ತಗ್ಗುತ್ತದೆ, ನಾದಕ್ಕೆ ಮೈ ಬರುತ್ತದೆ. ಇಷ್ಟೂ ನಿಜ. ಆದರೆ ಒತ್ತಿದಾಗ ಏರುವ ದೋಷಕ್ಕೆ ಅದು ಮದ್ದಲ್ಲ. ಸುತ್ತಿಲ್ಲದ ಬರಿಯ ಉಕ್ಕಿನ ತಂತಿಯಲ್ಲಿ ದಪ್ಪ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ, ಅದೇ ಪ್ರಮಾಣದಲ್ಲಿ ಹಿಗ್ಗಿಸಲು ಬೇಕಾದ ಬಲವೂ ಹೆಚ್ಚುತ್ತದೆ. ಒಂದನ್ನೊಂದು ತಿಂದುಹಾಕಿ ದೋಷ ಇದ್ದಲ್ಲೇ ಇರುತ್ತದೆ. ಮಗುವಿನ ಬೆರಳ ತುದಿ ಮಾತ್ರ ಹೆಚ್ಚು ನೋಯುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಪಿಟೀಲು ಕಲಿಯುವ ಮಕ್ಕಳಿಗೂ ಕಾಲು, ಅರೆ, ಮುಕ್ಕಾಲು ಅಳತೆಯ ವಾದ್ಯಗಳಿವೆಯಲ್ಲ, ಪಾಶ್ಚಾತ್ಯ ಪಾಠದಲ್ಲಿ ಅವನ್ನೂ ದೊಡ್ಡ ಪಿಟೀಲಿನ ಶ್ರುತಿಗೇ ಕೂಡಿಸುತ್ತಾರಲ್ಲ ಎಂದು. ಹೌದು. ಆದರೆ ಪಿಟೀಲಿನಲ್ಲಿ ಆಯಾ ಅಳತೆಗೆಂದೇ ತಯಾರಿಸಿದ ತಂತಿಗಳನ್ನು ಮಾರುತ್ತಾರೆ. ಮುಖ್ಯವಾಗಿ ಪಿಟೀಲಿಗೆ ಫ್ರೆಟ್ಟಿಲ್ಲ. ಸ್ವರ ಏರಿತೆಂದು ಕಿವಿ ಹೇಳಿದರೆ ಬೆರಳು ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಗಿಟಾರಿನಲ್ಲಿ ಫ್ರೆಟ್ಟು ಎಲ್ಲಿದೆಯೋ ಸ್ವರ ಅಲ್ಲೇ. ಕಿವಿ ಏನು ಹೇಳಿದರೂ ಬೆರಳಿನ ಕೈಯಲ್ಲಿ ಏನೂ ಇಲ್ಲ.

ಹಾಗಾದರೆ ಚಿಕ್ಕ ಗಿಟಾರು ಹುಟ್ಟಿನಿಂದಲೇ ದುಷ್ಟವೇ? ಅಲ್ಲವೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವಿಯೆನ್ನಾ ನಗರದಲ್ಲಿ ‘ಟೆರ್ಟ್ಸ್ ಗಿಟಾರು’ ಎಂಬ ಪುಟ್ಟ ವಾದ್ಯ ಗೌರವದಿಂದ ಬಾಳಿತು. ಟೆರ್ಟ್ಸ್ ಎಂದರೆ ಮೂರನೆಯದು. ಅದರ ಶ್ರುತಿ ದೊಡ್ಡ ಗಿಟಾರಿಗಿಂತ ಮೂರು ಅರ್ಧಸ್ವರ ಮೇಲೆ, ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಸಾಧಾರಣ ಗಾಂಧಾರದಷ್ಟು. ಮೌರೊ ಜೂಲಿಯಾನಿ (1781–1829) ತನ್ನ ಮೂರನೆಯ ಕಂಚೆರ್ಟೊವನ್ನು ಬರೆದದ್ದು ಈ ವಾದ್ಯಕ್ಕಾಗಿ. ಅಮೆರಿಕದ ಮಾರ್ಟಿನ್ ಕಂಪನಿಯ 5ನೇ ಅಳತೆಯ ಪುಟ್ಟ ಗಿಟಾರುಗಳೂ ಇದೇ ವಂಶದವು. ದೊಡ್ಡ ಗಿಟಾರಿನ ಮೂರನೆಯ ಫ್ರೆಟ್ಟಿನಿಂದ ಸ್ಯಾಡಲ್‌ವರೆಗೆ ಅಳೆದು ನೋಡಿ: 645ರಲ್ಲಿ ಉಳಿಯುವುದು 542 ಮಿಲಿಮೀಟರ್. ನಮ್ಮ 540ರ ಚಿಕ್ಕ ಗಿಟಾರು ಎಂದರೆ ಮೂರನೆಯ ಫ್ರೆಟ್ಟಿಗೆ ಕೇಪೋ ಕಟ್ಟಿದ ದೊಡ್ಡ ಗಿಟಾರೇ! ಅದರ ಸಹಜ ಶ್ರುತಿ ‘ಇ’ ಅಲ್ಲ, ‘ಜಿ’. 578, 584ರ ವಾದ್ಯಗಳಾದರೆ ಸುಮಾರು ಎರಡು ಫ್ರೆಟ್ಟಿನಷ್ಟು ಮೇಲೆ. ಸ್ತ್ರೀಕಂಠಕ್ಕೆ ಚಿಕ್ಕ ತಂಬೂರಿ, ಪುರುಷಕಂಠಕ್ಕೆ ದೊಡ್ಡದು ಎಂಬ ವಿವೇಕ ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾದ್ದಲ್ಲ. ಚಿಕ್ಕ ತಂಬೂರಿಯನ್ನು ದೊಡ್ಡದರ ಶ್ರುತಿಗೆ ಇಳಿಸಿ, ಆಮೇಲೆ ನಾದವಿಲ್ಲವೆಂದು ಬೈಯುವವರನ್ನು ನಾವು ಕಂಡಿಲ್ಲ. ಗಿಟಾರಿಗೆ ಮಾತ್ರ ಈ ಅನ್ಯಾಯ. ತರಗತಿಯಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿರಬೇಕು, ಪುಸ್ತಕದಲ್ಲಿ ‘ಇ’ ಎಂದು ಬರೆದಿದೆ ಎಂಬಷ್ಟಕ್ಕೇ.

ಎಡ್ ಶೀರನ್ ಚಿಕ್ಕ ಮಾರ್ಟಿನ್ ಹಿಡಿದು ಇಡೀ ಕ್ರೀಡಾಂಗಣಗಳನ್ನು ಗೆದ್ದಿಲ್ಲವೇ ಎಂದು ಹರೆಯದವರು ಕೇಳುತ್ತಾರೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಆತ ಹಾಡಲು ನಿಂತಾಗ ಪೊಲೀಸರು ಬಂದು ಮೈಕಿನ ವಯರು ಕಿತ್ತದ್ದು ಆತನ ಗಿಟಾರಿಗಿಂತ ಹೆಚ್ಚು ಸುದ್ದಿಯಾಯಿತು, ಅದಿರಲಿ. ವೇದಿಕೆಯ ಮೇಲೆ ಆತನ ವಾದ್ಯದ ನಾದ ವಿದ್ಯುತ್ತಿನ ಮೂಲಕ ಹೋಗುತ್ತದೆ, ಪದರದ ಮೇಲೆ ಪದರವಾಗಿ ಕೂಡಿಸುವ ಯಂತ್ರ ಕಾಲ ಬಳಿ ಇರುತ್ತದೆ. ಮನೆಯ ಮಂಚದ ಮೇಲೆ ಕುಳಿತ ಮಗುವಿಗೆ ಇವೆರಡೂ ಇಲ್ಲ. ಆ ಉದಾಹರಣೆ ನಮ್ಮ ಮಾತಿಗೆ ಉತ್ತರವಾಗಲಾರದು.

ದೊಡ್ಡವರಿಗೆ ಇನ್ನೊಂದು ತೊಂದರೆಯುಂಟು. ಚಿಕ್ಕ ಮಾದರಿಗಳಲ್ಲಿ ನಟ್‌ನ ಅಗಲವನ್ನು ಬಹುತೇಕ 43 ಮಿಲಿಮೀಟರಿನಲ್ಲೇ ಉಳಿಸಿರುತ್ತಾರೆ, ಆದ್ದರಿಂದ ತಂತಿ ತಂತಿಗಳ ನಡುವೆ ಇಕ್ಕಟ್ಟಿಲ್ಲ. ಇಕ್ಕಟ್ಟು ಫ್ರೆಟ್ಟುಗಳ ನಡುವೆ. ಎರಡನೆಯ ಮನೆ ದೊಡ್ಡದರಲ್ಲಿ 34 ಮಿಲಿಮೀಟರ್, 540ರಲ್ಲಿ 29ಕ್ಕೂ ಕಡಿಮೆ. ಅಲ್ಲಿ ‘ಎ’ ಕಾರ್ಡಿನ ಮೂರು ಬೆರಳು ಊರುವುದು ಲೋಕಲ್ ರೈಲಿನ ನಾಲ್ಕನೆಯ ಸೀಟಿನ ಹಾಗೆ. ಒಂದು ಬೆರಳು ಹಿಂದೆ ಉಳಿದರೆ ಅದು ಹೆಚ್ಚು ಒತ್ತುತ್ತದೆ, ಓರೆಯಾಗಿ ತಳ್ಳುತ್ತದೆ, ಸ್ವರ ಇನ್ನೂ ಏರುತ್ತದೆ.

ಈಗಾಗಲೇ ಕೊಂಡವರು ಏನು ಮಾಡಬೇಕು? ತಂತಿಯನ್ನು ಮೂರನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು ಮೊದಲನೆಯ ಫ್ರೆಟ್ಟಿನ ಮೇಲಿನ ಸಂದನ್ನು ನೋಡಿ. ಕಾಗದದ ಹಾಳೆ ಮಾತ್ರ ತೂರುವಷ್ಟಿದ್ದರೆ ನಟ್ ಸರಿಯಾಗಿದೆ. ಬಸ್ ಪಾಸು ತೂರಿದರೆ ನಟ್‌ನ ಗಾಡಿ ಆಳವಾಗಿಲ್ಲವೆಂದರ್ಥ. ಅಗ್ಗದ ಚಿಕ್ಕ ಗಿಟಾರುಗಳಲ್ಲಿ ನಾವು ಕಂಡಂತೆ ಅಳು ಹುಟ್ಟುವುದು ಹೆಚ್ಚಾಗಿ ಇಲ್ಲೇ, ರಿಪೇರಿ ಬಲ್ಲವನ ಸಣ್ಣ ಅರದ ಕೆಲಸ. ಆಮೇಲೆ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿ, ಅದೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗದಿದ್ದರೆ ಸ್ಯಾಡಲಿನ ಎತ್ತರವನ್ನೋ ಜಾಗವನ್ನೋ ಸರಿಪಡಿಸಬೇಕು. ದೋಷವು ಎತ್ತರದ ವರ್ಗಕ್ಕೆ ಅನುಗುಣವಾದ್ದರಿಂದ ಇಲ್ಲಿ ಅರೆ ಮಿಲಿಮೀಟರ್ ಇಳಿಸಿದರೂ ಲಾಭ ದೊಡ್ಡದು. ಮುಂಬಯಿ, ಚೆನ್ನೈಗಳ ವಾಚಕರು ಈ ಪರೀಕ್ಷೆಯನ್ನು ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಬೇಕು. ತೇವ ಕುಡಿದ ಮೇಲ್ಹಲಗೆ ಉಬ್ಬಿ ತಂತಿಯನ್ನು ಎತ್ತಿಬಿಡುತ್ತದೆ. ಇನ್ನೂ ಕೊಳ್ಳದವರು ಹತ್ತು ವರ್ಷದೊಳಗಿನ ಮಗುವಿಗೆ ನೈಲಾನ್ ತಂತಿಯದನ್ನೇ ಕೊಳ್ಳಲಿ. ನೈಲಾನು ಉಕ್ಕಿನಷ್ಟು ಹಟಮಾರಿಯಲ್ಲ. ಒತ್ತಿ ತುಸು ಹಿಗ್ಗಿಸಿದರೆ ಅಷ್ಟು ಸಿಟ್ಟಾಗುವುದಿಲ್ಲ.

ಶ್ರುತಿಯ ವಿಷಯಕ್ಕೆ ನಮ್ಮ ಸಲಹೆ ಇದು. 540ರ ಉಕ್ಕಿನ ಗಿಟಾರಿಗೆ 12 ನಂಬರಿನ ಬದಲು 10 ನಂಬರಿನ ತಂತಿ ಹಾಕಿ, ಮೆಲ್ಲಮೆಲ್ಲನೆ ‘ಜಿ’ಗೆ ಏರಿಸಿ. ಮೊದಲನೆಯ ತಂತಿಯ ಬಿಗಿ ಏಳೂಕಾಲು ಕಿಲೋದಲ್ಲೇ ನಿಲ್ಲುತ್ತದೆ, ವಾದ್ಯಕ್ಕೆ ಹೊಸ ಭಾರವಿಲ್ಲ. ಇಮ್ಮಡಿಯಾಗಿದ್ದ ದೋಷ ಒಂದೂವರೆಗಿಂತ ಕೆಳಗಿಳಿಯುತ್ತದೆ. ಎತ್ತರವನ್ನೂ ಅದೇ ಪ್ರಮಾಣದಲ್ಲಿ, ಅಂದರೆ ಎರಡೂವರೆ ಮಿಲಿಮೀಟರ್ ಇದ್ದುದನ್ನು ಎರಡು ಚಿಲ್ಲರೆಗೆ ಇಳಿಸಿದರೆ ಚಿಕ್ಕದು ದೊಡ್ಡದರ ಸಮಕ್ಕೆ ಬರುತ್ತದೆ. ಕೆಳಮನೆಯ ಹುಡುಗಿಯ ಗಿಟಾರಿಗೆ ಇಷ್ಟನ್ನೇ ಮಾಡಿಸಲಾಯಿತು.

ಮೇಷ್ಟ್ರು ‘ಹಾಗಾದರೆ ಉಳಿದ ಹುಡುಗರ ಜೊತೆ ಹೇಗೆ ಕೂಡುವುದು’ ಎಂದು ಕೇಳಿದರು, ನ್ಯಾಯವಾದ ಪ್ರಶ್ನೆ. ದೊಡ್ಡ ಗಿಟಾರಿನವರು ಮೂರನೆಯ ಫ್ರೆಟ್ಟಿಗೆ ಕೇಪೋ ಹಾಕಿಕೊಂಡರೆ ಆಯಿತು. ಬೆರಳಿನ ಪಟ್ಟುಗಳು ಎಲ್ಲರವೂ ಅವೇ, ಸ್ವರವೂ ಒಂದೇ. ಮಕ್ಕಳ ಕಂಠಕ್ಕೆ ‘ಇ’ಗಿಂತ ‘ಜಿ’ ಹೆಚ್ಚು ಸುಲಭ ಎಂಬುದನ್ನು ರಾಜ್ಯೋತ್ಸವದ ಸಮೂಹಗಾನ ಮಾಡಿಸಿದವರೆಲ್ಲ ಬಲ್ಲರು. ಕೇಪೋದ ಬೆಲೆ ಕೆಲವು ನೂರು ರೂಪಾಯಿ. ಸಂಘದ ಭಾನುವಾರದ ತರಗತಿಗೆ ನಾಲ್ಕು ಸಾಕು.