ಹನ್ನೆರಡು ಲಕ್ಷ ಪ್ರತಿ ಸಾಲಲಿಲ್ಲ

ಮುಂಬೈಯಲ್ಲಿ ನನ್ನ ಕೆಲಸ ಜಾಹೀರಾತಿಗೆ ಜಾಗ ಕೊಳ್ಳುವುದು. ಯಾವ ಪತ್ರಿಕೆಗೆ, ಯಾವ ಚಾನೆಲ್‌ಗೆ ಎಷ್ಟು ದುಡ್ಡು ಹಾಕಬೇಕು ಎಂದು ಎಕ್ಸೆಲ್ ಶೀಟಿನ ಮುಂದೆ ಕೂತು ಲೆಕ್ಕ ಮಾಡುತ್ತೇನೆ. ಅಲ್ಲಿ ಓದುಗರ ಸಂಖ್ಯೆಗಿಂತ ಮುಖ್ಯವಾದ ಇನ್ನೊಂದು ಕಾಲಂ ಇದೆ: ಅವರ ಮನೆಯಲ್ಲಿ ಏನೇನಿದೆ? ಕಾರಿದೆಯೇ, ಎಸಿ ಇದೆಯೇ? ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ನನಗೆ ಅನಿಸಿದ್ದೇ ಇಲ್ಲ, ಜೇಮ್ಸ್ ಕರನ್ ಮತ್ತು ಜೀನ್ ಸೀಟನ್ ಬರೆದ ‘ಪವರ್ ವಿದೌಟ್ ರೆಸ್ಪಾನ್ಸಿಬಿಲಿಟಿ’ ಓದುವವರೆಗೆ.

1981ರಲ್ಲಿ ಮೊದಲು ಬಂದ ಈ ಪುಸ್ತಕ ಬ್ರಿಟನ್ನಿನ ಪತ್ರಿಕೆ ಮತ್ತು ರೇಡಿಯೊ, ಟಿವಿಗಳ ಚರಿತ್ರೆ. ಪತ್ರಿಕೆಗಳ ಭಾಗ ಕರನ್ ಅವರದು. ನಾನಿಲ್ಲಿ ಮಾತಾಡುವುದು ಅದರ ಬಗ್ಗೆ ಮಾತ್ರ.

ಬ್ರಿಟಿಷ್ ದಿನಪತ್ರಿಕೆಗಳ ಕತೆಯನ್ನು ಸಾಮಾನ್ಯವಾಗಿ ಬಿಡುಗಡೆಯ ಕತೆಯಾಗಿ ಹೇಳುತ್ತಾರೆ. 1702ರಲ್ಲಿ ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಹತ್ತಿರ ಎಲಿಜಬೆತ್ ಮ್ಯಾಲೆಟ್ ಎಂಬಾಕೆ ಒಂದೇ ಹಾಳೆಯ ‘ಡೇಲಿ ಕೌರೆಂಟ್’ ಶುರು ಮಾಡಿದಳು. ಹತ್ತೇ ವರ್ಷದಲ್ಲಿ, 1712ರಲ್ಲಿ, ಸರಕಾರ ಪತ್ರಿಕೆಗಳ ಮೇಲೆ ಮುದ್ರಾಂಕ ತೆರಿಗೆ ಹಾಕಿತು. 1815ರ ಹೊತ್ತಿಗೆ ಅದು ಪ್ರತಿಗೆ ನಾಲ್ಕು ಪೆನ್ನಿ. ಬಡವನ ಕೈಗೆ ಪತ್ರಿಕೆ ಎಟುಕಬಾರದು ಎಂಬುದೂ ಅದರ ಉದ್ದೇಶವಾಗಿತ್ತು. ಆಮೇಲೆ ಹೋರಾಟ ನಡೆದು 1853ರಲ್ಲಿ ಜಾಹೀರಾತು ತೆರಿಗೆ, 1855ರಲ್ಲಿ ಮುದ್ರಾಂಕ ತೆರಿಗೆ, 1861ರಲ್ಲಿ ಕಾಗದದ ತೆರಿಗೆ ಹೋದವು. ‘ಡೇಲಿ ಟೆಲಿಗ್ರಾಫ್’ ಒಂದು ಪೆನ್ನಿಗೆ ಸಿಗತೊಡಗಿತು. ಅಲ್ಲಿಗೆ ಪತ್ರಿಕೆ ಸ್ವತಂತ್ರವಾಯಿತು, ಶುಭಂ!

ಕರನ್ ಶುರು ಮಾಡುವುದೇ ಈ ಶುಭಂ ಆದ ಮೇಲೆ. 1830ರ ದಶಕದಲ್ಲಿ ಹೆನ್ರಿ ಹೆದರಿಂಗ್ಟನ್ ತೆರಿಗೆ ಕಟ್ಟದೆ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ವಾರಪತ್ರಿಕೆ ನಡೆಸಿ ಜೈಲಿಗೆ ಹೋದ. ಅಂಥ ಪತ್ರಿಕೆಗಳು ಓದುಗರು ಕೊಟ್ಟ ಪೆನ್ನಿಯಲ್ಲೇ ಬದುಕುತ್ತಿದ್ದವು. ತೆರಿಗೆ ಹೋದ ಮೇಲೆ ಬೆಲೆ ಇಳಿಯಿತು, ಯಂತ್ರ ದೊಡ್ಡದಾಯಿತು, ಬಂಡವಾಳ ಬೆಳೆಯಿತು. 1896ರಲ್ಲಿ ಹಾರ್ಮ್ಸ್‌ವರ್ತ್‌ನ ‘ಡೇಲಿ ಮೇಲ್’ ಅರ್ಧ ಪೆನ್ನಿಗೆ ಬಂತು. ಉಳಿದ ಖರ್ಚು ಕೊಡುವವನು ಜಾಹೀರಾತುದಾರ. ಜೈಲು ಮಾಡಲಾಗದ್ದನ್ನು ಮಾರುಕಟ್ಟೆ ಮಾಡಿತು ಎನ್ನುವುದು ಕರನ್ ವಾದ.

ಇದಕ್ಕೆ ಅವರು ಕೊಡುವ ಅತಿ ಗಟ್ಟಿ ಸಾಕ್ಷಿ ‘ಡೇಲಿ ಹೆರಾಲ್ಡ್’. 1911ರಲ್ಲಿ ಮುದ್ರಣ ಕಾರ್ಮಿಕರ ಮುಷ್ಕರದ ಹಾಳೆಯಾಗಿ ಹುಟ್ಟಿ, ಮರುವರ್ಷ ದಿನಪತ್ರಿಕೆಯಾಗಿ, 1933ರಲ್ಲಿ ಇಪ್ಪತ್ತು ಲಕ್ಷ ಪ್ರತಿ ಮುಟ್ಟಿದ ಪತ್ರಿಕೆ ಅದು. 1964ರಲ್ಲಿ ಮುಚ್ಚಿದಾಗಲೂ ಹನ್ನೆರಡು ಲಕ್ಷಕ್ಕೂ ಹೆಚ್ಚು ಪ್ರತಿ ಹೋಗುತ್ತಿತ್ತು. ಆಗ ‘ದಿ ಟೈಮ್ಸ್’ ಪ್ರಸಾರ ಎರಡೂವರೆ ಲಕ್ಷದ ಆಸುಪಾಸು. ಟೈಮ್ಸ್ ಉಳಿಯಿತು. ಹೆರಾಲ್ಡ್ ಓದುಗರು ದುಡಿಯುವ ವರ್ಗದವರು, ಬಹಳಷ್ಟು ಮಂದಿ ವಯಸ್ಸಾದವರು. ನನ್ನ ಎಕ್ಸೆಲ್ ಶೀಟಿನಲ್ಲೂ ಅವರಿಗೆ ಅಂಕ ಬರುತ್ತಿರಲಿಲ್ಲ.

ನನ್ನ ತಕರಾರು ಎರಡು. ಒಂದು, ಅದೇ 1964ರಲ್ಲಿ ‘ಡೇಲಿ ಮಿರರ್’ ಐವತ್ತು ಲಕ್ಷ ಪ್ರತಿ ದಾಟಿತು. ಅದೂ ಕಾರ್ಮಿಕರ ಪತ್ರಿಕೆಯೇ, ಲೇಬರ್ ಪಕ್ಷದ ಕಡೆಯದೇ. ಅಂದರೆ ಬಡ ಓದುಗರ ಪತ್ರಿಕೆ ಬದುಕಲೇ ಆಗದು ಎಂದಲ್ಲ. ಬದುಕಬೇಕಾದರೆ ಅದು ರಾಕ್ಷಸ ಗಾತ್ರಕ್ಕೆ ಬೆಳೆಯಬೇಕು. ಶ್ರೀಮಂತರ ಪತ್ರಿಕೆಗೆ ಆ ಷರತ್ತಿಲ್ಲ. ಜಾಹೀರಾತೇ ಕೊಂದಿತು ಎಂಬ ಮಾತಿಗಿಂತ ಇದು ಹೆಚ್ಚು ನಿಖರ ಅಂತ ನನಗನಿಸುತ್ತದೆ. ಹೆರಾಲ್ಡ್‌ಗೆ ಹೊಸ ತಲೆಮಾರಿನ ಓದುಗರು ಯಾಕೆ ಬರಲಿಲ್ಲ ಎಂಬ ಪ್ರಶ್ನೆಯೂ ಆಗ ಉಳಿಯುತ್ತದೆ.

ಎರಡನೆಯದು ಹೆಸರಿನ ಬಗ್ಗೆ. ಈ ಶೀರ್ಷಿಕೆ ಬಂದದ್ದು 1931ರಲ್ಲಿ ಸ್ಟ್ಯಾನ್ಲಿ ಬಾಲ್ಡ್ವಿನ್ ಪತ್ರಿಕಾ ದೊರೆಗಳಾದ ರಾದರ್ಮಿಯರ್, ಬೀವರ್‌ಬ್ರೂಕ್‌ರನ್ನು ಝಾಡಿಸಿದ ಭಾಷಣದಿಂದ. ಹೀಗಾಗಿ ನಮ್ಮ ಕಣ್ಣು ಮಾಲೀಕರ ಕಡೆಗೇ ಹೋಗುತ್ತದೆ, ಖಳನಾಯಕ ಸಿಕ್ಕಿದ ಎಂಬ ಸಮಾಧಾನವೂ ಆಗುತ್ತದೆ. ಆದರೆ ಪುಸ್ತಕದಲ್ಲಿ ನನ್ನನ್ನು ಕಾಡಿದ ಭಾಗದಲ್ಲಿ ಖಳನಾಯಕನೇ ಇಲ್ಲ. ನಮ್ಮ ಆಫೀಸಿನಲ್ಲಿ ಯಾರಿಗೂ ಯಾವ ಪತ್ರಿಕೆಯ ಮೇಲೂ ಸಿಟ್ಟಿಲ್ಲ. ಯಾರೂ ಸಂಚು ಮಾಡುವುದಿಲ್ಲ. ಕಾಲಂನಲ್ಲಿ ಅಂಕಿ ಕಡಿಮೆ ಬಂದರೆ ಮುಂದಿನ ಸಾಲಿಗೆ ಹೋಗುತ್ತೇವೆ, ಅಷ್ಟೆ.

ಪುಸ್ತಕ ಓದಿ ಮುಗಿಸುವ ಮುಂಚಿನ ವಾರ ನಾನೇ ಸಣ್ಣ ಊರುಗಳ ಪತ್ರಿಕೆಯೊಂದನ್ನು ಪಟ್ಟಿಯಿಂದ ತೆಗೆದಿದ್ದೆ. ಅದಕ್ಕೆ ಒಂದು ನಿಮಿಷವೂ ಹಿಡಿದಿರಲಿಲ್ಲ. ಅದನ್ನು ಓದುವವರು ಯಾರು, ಅದು ನಿಂತರೆ ಅವರು ಇನ್ನೇನು ಓದುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಳ್ಳುತ್ತೇನೆ. ಶೀಟಿನಲ್ಲಿ ಅದಕ್ಕೆ ಕಾಲಂ ಇಲ್ಲ.