ವಾಷಿಂಗ್ಟನ್ನನ ವಿದಾಯಪತ್ರ: ಒಂದು ವಿಮರ್ಶೆ

ಕಾವ್ಯ ನಾಟಕಗಳನ್ನು ವಿಮರ್ಶಿಸುವಂತೆ ರಾಜ್ಯಪತ್ರಗಳನ್ನೂ ವಿಮರ್ಶಿಸಿ ಓದುವ ವಾಡಿಕೆ ನಮ್ಮ ತರಗತಿಗಳಲ್ಲಿ ಬೆಳೆಯಬೇಕು. ಅಮೆರಿಕದ ಪ್ರಥಮಾಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನ ವಿದಾಯಪತ್ರವು ಅಂತಹ ಓದಿಗೆ ತಕ್ಕುದಾದ ಬರಹ. ಇದನ್ನು ಭಾಷಣವೆನ್ನುವುದು ರೂಢಿಯಾದರೂ ಅವನು ಇದನ್ನು ಯಾವ ಸಭೆಯಲ್ಲಿಯೂ ಓದಲಿಲ್ಲ. 1796ನೆಯ ಸೆಪ್ಟೆಂಬರ್ 19ರಂದು ಫಿಲಡೆಲ್ಫಿಯದ ದಿನಪತ್ರಿಕೆಯೊಂದರಲ್ಲಿ ಇದು ಅಚ್ಚಾಯಿತು. ಮೂರನೆಯ ಬಾರಿ ಅಧಿಕಾರವನ್ನು ಬಯಸೆನೆಂದು ತಿಳಿಸಿ, ಹಿರಿಯನೊಬ್ಬನು ದೇಶಬಾಂಧವರಿಗೆ ಹೇಳುವ ಬುದ್ಧಿವಾದವೇ ಇದರ ವಸ್ತು.

ಆ ಬುದ್ಧಿವಾದದಲ್ಲಿ ಪ್ರಧಾನವಾದುದು ಪಕ್ಷಭಾವದ ಖಂಡನೆ. ಪಕ್ಷದ್ವೇಷವು ಸೇಡನ್ನು ಬೆಳೆಸುವುದು. ಪರರಾಷ್ಟ್ರಗಳ ಕೈವಾಡಕ್ಕೆ ದಾರಿಮಾಡಿಕೊಡುವುದು. ಕಡೆಗೆ ಬೇಸತ್ತ ಜನರು ಒಬ್ಬನ ಸರ್ವಾಧಿಕಾರದಲ್ಲಿ ನೆಮ್ಮದಿಯನ್ನು ಅರಸುವರು. ಇದು ವಾದದ ಸಾರ. ಪಕ್ಷಭಾವವನ್ನು ಅವನು ಬೆಂಕಿಗೆ ಹೋಲಿಸಿ, ಅದು ಕಾವನ್ನು ಮೀರಿ ಉರಿಯಾಗದಂತೆ ಕಾದಿರಬೇಕೆಂದು ಎಚ್ಚರಿಸುತ್ತಾನೆ. ಬರಹದ ಗಾಂಭೀರ್ಯ, ಹಿತಚಿಂತನೆ, ಮಾತಿನ ಸಂಯಮ ಇವು ನಿರ್ವಿವಾದ.

ಆದರೆ ಈ ಬರಹದ ಹಿಂದಿನ ಕೈಗಳು ಯಾರವು? 1792ರಲ್ಲಿಯೇ ನಿವೃತ್ತನಾಗಲೆಳಸಿದ ವಾಷಿಂಗ್ಟನ್ನನಿಗೆ ಮೊದಲ ಕರಡನ್ನು ಬರೆದುಕೊಟ್ಟವನು ಜೇಮ್ಸ್ ಮ್ಯಾಡಿಸನ್. 1796ರಲ್ಲಿ ಅದನ್ನು ಹೊಸದಾಗಿ ರೂಪಿಸಿದವನು ಅಲೆಗ್ಸಾಂಡರ್ ಹ್ಯಾಮಿಲ್ಟನ್. ಅಷ್ಟರಲ್ಲಿ ಇಬ್ಬರೂ ಎದುರುಬದುರಾದ ಪಕ್ಷಗಳ ಮುಂದಾಳುಗಳಾಗಿದ್ದರು! ಪಕ್ಷಗಳು ಹುಟ್ಟಿದುದು ಬರಿಯ ದುರ್ಬುದ್ಧಿಯಿಂದಲ್ಲ. 1791ರಲ್ಲಿ ಹ್ಯಾಮಿಲ್ಟನ್ನನು ರಾಷ್ಟ್ರೀಯ ಬ್ಯಾಂಕನ್ನು ಸ್ಥಾಪಿಸಹೊರಟಾಗ, ಸಂವಿಧಾನವು ಅಂತಹ ಅಧಿಕಾರವನ್ನು ಕೊಟ್ಟಿಲ್ಲವೆಂದು ಜೆಫರ್ಸನ್ನನು ವಾದಿಸಿದನು. ಇಬ್ಬರೂ ವಾಷಿಂಗ್ಟನ್ನನ ಮಂತ್ರಿಗಳೇ. ಅವನು ಇಬ್ಬರ ಅಭಿಪ್ರಾಯವನ್ನೂ ಬರಹದಲ್ಲಿ ಪಡೆದು, ಬ್ಯಾಂಕಿನ ಮಸೂದೆಗೆ ಸಹಿಹಾಕಿದನು. ಕೇಂದ್ರವು ಎಷ್ಟು ಬಲವಾಗಿರಬೇಕು ಎಂಬ ಪ್ರಶ್ನೆ ನಿಜವಾದ ಪ್ರಶ್ನೆ; ಅದಕ್ಕೆ ಎರಡು ಪ್ರಾಮಾಣಿಕ ಉತ್ತರಗಳಿದ್ದುವು. ವಿದಾಯಪತ್ರದ ದೋಷವಿರುವುದು ಇಲ್ಲಿ. ಅದು ಕಲಹವನ್ನು ಕಾಣುತ್ತದೆ, ಕಲಹದ ಕಾರಣವನ್ನು ಕಾಣದು. ಚುನಾಯಿತ ಸರ್ಕಾರಕ್ಕೆ ಎದುರುಪಕ್ಷವೂ ಒಂದು ಅಂಗವೆಂಬ ಭಾವನೆ ಅದರಲ್ಲಿಲ್ಲ.

ಈ ಕೊರತೆ ಬರಿಯ ಕಾಗದದ ಮೇಲಿನದಲ್ಲ. ತಾನೇ ರಾಷ್ಟ್ರ, ಎದುರಾಳಿಯೇ ಬಣ ಎಂದು ಎರಡು ಪಕ್ಷಗಳೂ ನಂಬಿದ್ದುವು. 1798ರಲ್ಲಿ ಫೆಡರಲಿಸ್ಟರು ರಾಜದ್ರೋಹದ ಶಾಸನವನ್ನು ಮಾಡಿ, ಸರ್ಕಾರವನ್ನೂ ಕಾಂಗ್ರೆಸ್ ಸಭೆಗಳನ್ನೂ ಅಧ್ಯಕ್ಷನನ್ನೂ ದೂಷಿಸುವ ಬರಹವನ್ನು ಅಪರಾಧವೆಂದು ಸಾರಿದರು. ಉಪಾಧ್ಯಕ್ಷನನ್ನು ಮಾತ್ರ ಆ ರಕ್ಷಣೆಯಿಂದ ಹೊರಗಿಟ್ಟರು. ಆತನು ಎದುರುಪಕ್ಷದ ಜೆಫರ್ಸನ್! ವರ್ಮಾಂಟಿನ ಪ್ರತಿನಿಧಿ ಮ್ಯಾಥ್ಯೂ ಲಯನ್ನನಿಗೆ ನಾಲ್ಕು ತಿಂಗಳ ಸೆರೆ, ಸಾವಿರ ಡಾಲರು ದಂಡ ಆಯಿತು. ಸೆರೆಯಲ್ಲಿರುವಾಗಲೇ ಜನರು ಅವನನ್ನು ಮತ್ತೆ ಆರಿಸಿದರು.

1800ರ ಚುನಾವಣೆಯಲ್ಲಿ ಜೆಫರ್ಸನ್ನನಿಗೂ ಅವನ ಪಕ್ಷದವನೇ ಆದ ಆರನ್ ಬರ್‌ಗೂ 73 ಮತಗಳಂತೆ ಸಮನಾಗಿ ಬಂದುವು. ಪ್ರತಿನಿಧಿಸಭೆಯು 36 ಬಾರಿ ಮತ ಹಾಕಿ, 1801ರ ಫೆಬ್ರವರಿ 17ರಂದು ಜೆಫರ್ಸನ್ನನನ್ನು ಆರಿಸಿತು. ಬರ್‌ಗಿಂತ ಜೆಫರ್ಸನ್ನನೇ ಮೇಲೆಂದು ತನ್ನ ಪಕ್ಷದವರಿಗೆ ಕಾಗದ ಬರೆದವನು ಆತನ ಚಿರವಿರೋಧಿ ಹ್ಯಾಮಿಲ್ಟನ್. ಮಾರ್ಚ್ 4ರಂದು ಅಧಿಕಾರವು ರಕ್ತಪಾತವಿಲ್ಲದೆ ಒಂದು ಪಕ್ಷದಿಂದ ಇನ್ನೊಂದಕ್ಕೆ ಸಾಗಿತು. ವಿದಾಯಪತ್ರವು ಅಂಜಿದ್ದ ಬೆಂಕಿ ಮನೆಯನ್ನು ಸುಡಲಿಲ್ಲ.

ನಮಗೂ ಇಲ್ಲಿ ಪಾಠವುಂಟು. 1950ರ ನಮ್ಮ ಸಂವಿಧಾನದಲ್ಲಿಯೂ ರಾಜಕೀಯ ಪಕ್ಷದ ಪ್ರಸ್ತಾಪವಿರಲಿಲ್ಲ. 1985ರ 52ನೆಯ ತಿದ್ದುಪಡಿಯೊಡನೆ ಅದು ಬಂದಿತು. ಐಕ್ಯದ ಹೆಸರಿನಲ್ಲಿ ಭಿನ್ನಮತವನ್ನು ತಳ್ಳಿಹಾಕುವುದು ಸುಲಭ. ನೆರೆರಾಜ್ಯದಲ್ಲಿ ಸಂಖ್ಯೆಯಿಂದ ಕಡಮೆಯವರಾಗಿ ಬಾಳುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಉಪಾಧ್ಯಾಯರು ಈ ಪತ್ರವನ್ನು ಪಾಠಮಾಡುವಾಗ 1798ರ ಶಾಸನವನ್ನೂ ಜೊತೆಗಿಟ್ಟು ಓದಿಸುವುದು ಲೇಸು. ವಿದ್ಯಾರ್ಥಿಗಳು ಹಿರಿಯನ ಮಾತನ್ನು ಗೌರವಿಸಲಿ, ತೂಗಿಯೂ ನೋಡಲಿ. ಅಮೆರಿಕದ ಸೆನೆಟ್ಟಿನಲ್ಲಿ 1896ರಿಂದ ಪ್ರತಿವರ್ಷವೂ ಈ ಪತ್ರವನ್ನು ಓದುತ್ತಾರೆ; ಓದುವ ಸರದಿ ಎರಡು ಪಕ್ಷಗಳ ಸದಸ್ಯರಿಗೂ ಒಂದಾದ ಮೇಲೊಂದು ಬರುತ್ತದೆ. ಪಕ್ಷವನ್ನು ನಿಂದಿಸಿದ ಪತ್ರಕ್ಕೆ ಪಕ್ಷಗಳೇ ಸಲ್ಲಿಸುವ ಈ ಗೌರವವು ಅದರ ಮೇಲಿನ ಉತ್ತಮ ವ್ಯಾಖ್ಯಾನವೆನ್ನಬಹುದು.